ಪದಚರ್ಚೆ: ಶ್ವಸನಪೇಶಿ ‘ಪರಿಶೀಲನೆ’ ಎಂದರೇನು?

ಪ್ರಶ್ನೆ (ಬದಿಯಡ್ಕ): ಟೈಪ್ 2 ಸಕ್ಕರೆ ಕಾಯಿಲೆಯವರಿಗಾಗಿ ಮಲಯಾಳದಿಂದ ಕನ್ನಡಕ್ಕೆ ತಂದ ಕರಪತ್ರವೊಂದು ತಿದ್ದಲು ಬಂದಿದೆ. ತಲೆಬರಹ: ‘ಪ್ರಮೇಹ ರೋಗಿಗಳಿಗೆ ಶ್ವಸನಪೇಶಿ ಪರಿಶೀಲನೆ’. ಒಳಗೆ ‘ಪ್ರತಿರೋಧಕ್ಕೆದುರಾಗಿ ಉಚ್ಛ್ವಾಸ ಮಾಡಿ’ ಎಂದಿದೆ. ಓದಿದವರು ಏನೋ ಪರೀಕ್ಷೆಗೆ ಕರೆದಿದ್ದಾರೆ ಅಂದುಕೊಳ್ಳುವುದಿಲ್ಲವೆ? ಬಲ್ಲವರು ತಿಳಿಸಬೇಕು.

ಉತ್ತರ 1 (ಮಂಜೇಶ್ವರ): ಅಂದುಕೊಳ್ಳದೆ ಇರುತ್ತಾರೆಯೇ ಮಾರಾಯ್ರೆ! ಮಲಯಾಳದ ‘ಪರಿಶೀಲನಂ’ ಎಂದರೆ ತರಬೇತಿ. ನಮ್ಮ ಪರಿಶೀಲನೆ ಕಚೇರಿಯಲ್ಲಿ ಅರ್ಜಿಗೆ ಆಗುವಂಥದ್ದು. ‘ಪೇಶಿ’ ಅಲ್ಲಿ ಮಾಂಸಖಂಡ, ಮರಾಠಿಗೆ ಹೋದರೆ ಜೀವಕೋಶ. ನಮ್ಮ ‘ಸ್ನಾಯು’ ಸರಿಯೇ, ಆದರೆ ಮಲಯಾಳ ಮಾಧ್ಯಮದಲ್ಲಿ ಓದಿದವರಿಗೆ ಅದು ಎಲುಬಿಗೆ ಎಲುಬು ಬಿಗಿಯುವ ಕಟ್ಟು. ಅದಕ್ಕೇ ಮೊದಲ ಸಲ ‘ಉಸಿರೆಳೆಯುವ ಸ್ನಾಯು, ಮುಖ್ಯವಾಗಿ ವಪೆ (ಎದೆ, ಹೊಟ್ಟೆಗಳ ನಡುವಿನ ಪರದೆ)’ ಎಂದು ಬಿಡಿಸಿ ಬರೆಯಿರಿ. ‘ಪ್ರಮೇಹ’ ಬೇಡ, ಆಯುರ್ವೇದ ಹೇಳುವ 20 ಪ್ರಮೇಹಗಳಲ್ಲಿ ಮಧುಮೇಹ ಒಂದು ಮಾತ್ರ.

ಎಲ್ಲಕ್ಕಿಂತ ತೊಡಕಿನದು ‘ಪ್ರತಿರೋಧ’. ಇದೇ ಕರಪತ್ರದಲ್ಲಿ ‘ಇನ್ಸುಲಿನ್ ಪ್ರತಿರೋಧ’ವೂ (ಇನ್ಸುಲಿನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಬರುತ್ತದೆ. ಅದು ಇಳಿಯಬೇಕು, ಬಾಯಲ್ಲಿಟ್ಟು ಉಸಿರೆಳೆಯುವ ಸಾಧನದ್ದು ಏರಬೇಕು. ಒಂದೇ ಪುಟದಲ್ಲಿ ಒಂದೇ ಪದ ಇದ್ದರೆ ಓದುವವರ ಗತಿ? ಸಾಧನಕ್ಕೆ ‘ಬಿಗಿ’ ಅನ್ನಿ. ಒಳಗಿರುವುದು ಸ್ಪ್ರಿಂಗ್ ಒತ್ತಿ ಹಿಡಿದ ಕವಾಟ. ಎಳೆತ ಅಷ್ಟು ಬಲ ಮುಟ್ಟುವವರೆಗೆ ಅದು ತೆರೆಯುವುದಿಲ್ಲ, ತಿರುಪಿದಷ್ಟೂ ಬಿಗಿಯಾಗುತ್ತದೆ.

ಉಸಿರೆಳೆಯುವುದಕ್ಕೆ ‘ಪೂರಕ’ ಎಂಬ ಪ್ರಾಣಾಯಾಮದ ಪದ ಚೆಂದವಿದೆ, ಆದರೆ ‘ಪೂರಕ ಸ್ನಾಯು’ ಎಂದೊಡನೆ ಪೂರಕ ಪರೀಕ್ಷೆ ನೆನಪಾಗುತ್ತದೆ. ಕತ್ತು, ಭುಜದ ಸಹಾಯಕ ಸ್ನಾಯುಗಳು ಬೇರೆ ಇವೆ, ಅವನ್ನೇ ಹೇಳಿದಂತಾಗುತ್ತದೆ. ಉಚ್ಛ್ವಾಸಕ್ಕೆ ಪಠ್ಯಪುಸ್ತಕದಲ್ಲಿ ಒಳಗೆಳೆಯುವುದು ಎಂಬ ಅರ್ಥ, ಸಂಸ್ಕೃತ ನಿಘಂಟಿನಲ್ಲಿ ಹೊರಬಿಡುವುದೂ ಸಿಗುತ್ತದೆ. ‘ಎಳೆಯಿರಿ’, ‘ಬಿಡಿ’ ಸಾಕು.

ಉತ್ತರ 2 (ಕಾಸರಗೋಡು, ಫಿಸಿಯೋಥೆರಪಿ): ಕ್ರಿಯಾಪದ ತಪ್ಪಿದರೆ ಕೆಲಸವೇ ತಪ್ಪುತ್ತದೆ. ಬಾಯಿಗೆ ನಳಿಗೆ ಸಿಕ್ಕಿದ ಕೂಡಲೇ ಜನ ಊದುತ್ತಾರೆ. ಈ ಸಾಧನದಲ್ಲಿ ಉಸಿರು ಬಿಡುವ ದಾರಿ ಸಲೀಸು. ಎಷ್ಟು ಊದಿದರೂ ಸ್ನಾಯುವಿಗೆ ಕೆಲಸ ಬೀಳುವುದಿಲ್ಲ. ‘ಊದಬೇಡಿ, ಎಳೆಯಿರಿ’ ಎಂದು ದಪ್ಪಕ್ಷರದಲ್ಲಿ ಹಾಕಿ. ಉಸಿರೆಳೆದಾಗ ಚೆಂಡು ಮೇಲೇಳುವ ಮೂರು ಚೆಂಡಿನ ಡಬ್ಬಿಯ ಚಿತ್ರವನ್ನೂ ತೆಗೆಯಿರಿ. ಅದರಲ್ಲಿ ಗಾಳಿಯ ವೇಗ ಕಾಣುತ್ತದೆ, ಬಿಗಿಯನ್ನು ಗೊತ್ತು ಮಾಡಿ ಇಡಲಾಗುವುದಿಲ್ಲ.

‘ದಮ್ಮು ಎಳೆ’ ಎಂದರೆ ಬೀಡಿ. ‘ದಮ್ಮು ಕಟ್ಟಿ’ ಅಂತೂ ಬರೆಯಲೇಬಾರದು: ಉಸಿರು ಬಿಗಿಹಿಡಿದು ತಿಣುಕಿದರೆ ರಕ್ತದೊತ್ತಡ ಏರುತ್ತದೆ, ಸಕ್ಕರೆಯಿಂದ ಅಕ್ಷಿಪಟಲ ಕೆಟ್ಟವರಿಗೆ ಅದು ಅಪಾಯ.

ಅಳತೆಯ ಸಾಲಿನಲ್ಲಿ ಮಾತ್ರ ‘ಪರೀಕ್ಷೆ’ ಇರಲಿ. ಉಸಿರು ಪೂರ್ತಿ ಬಿಟ್ಟು, ಮುಚ್ಚಿದ ನಳಿಗೆಯಲ್ಲಿ ಒಂದು ಸೆಕೆಂಡಾದರೂ ಬಲವಾಗಿ ಎಳೆಯಬೇಕು. ಹಲವು ಸಲದಲ್ಲಿ ಹೆಚ್ಚಿನದೇ ‘ಗರಿಷ್ಠ ಎಳೆತ’. ಅದು ನೀರಿನ 60 ಸೆಂಟಿಮೀಟರ್ (ಒತ್ತಡದ ಅಳತೆ) ಇದ್ದರೆ ಶೇ. 30ರ ಲೆಕ್ಕದಲ್ಲಿ 18ಕ್ಕೆ ಬಿಗಿ ಇಟ್ಟು ಶುರು. ಮೂಗಿಗೆ ಕ್ಲಿಪ್ಪು, ನೆಟ್ಟಗೆ ಕೂತು ಜೋರಾಗಿ ಎಳೆದು ನಿಧಾನಕ್ಕೆ ಬಿಡುವುದು. 30 ಉಸಿರು, ದಿನಕ್ಕೆರಡು ಹೊತ್ತು ಎಂಬುದು ರೂಢಿಯ ಒಂದು ಕ್ರಮ. ವಾರಕ್ಕೊಮ್ಮೆ ಅಳೆದು ಬಿಗಿ ಸರಿಮಾಡಬೇಕು, ಇಲ್ಲದಿದ್ದರೆ ಹಗುರವಾಗಿ ಪ್ರಯೋಜನ ನಿಲ್ಲುತ್ತದೆ. ಭುಜ ಮೇಲೇರಿದರೆ ಬಿಗಿ ಹೆಚ್ಚಾಯಿತೆಂದು ತಿಳಿಯಿರಿ.

‘ತಲೆ ತಿರುಗಿದರೆ ನಿಲ್ಲಿಸಿ’ ಎಂದಷ್ಟೇ ಬರೆದರೆ ಸಾಲದು. ಅವಸರದಲ್ಲಿ ಎಳೆದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳು ಜುಮುಗುಡುತ್ತದೆ. ತುಸು ಸುಮ್ಮನೆ ಕೂತರೆ ಹೋಗುತ್ತದೆ. ಬೆವರು, ನಡುಕ ಜತೆಗಿದ್ದರೆ ರಕ್ತದ ಸಕ್ಕರೆ ಇಳಿದಿರಬಹುದು, ಗ್ಲುಕೋಮೀಟರಿನಲ್ಲಿ ನೋಡಬೇಕು. 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು.

ತಲೆಬರಹಕ್ಕೆ ನನ್ನ ಓಟು ‘ಸಕ್ಕರೆ ಕಾಯಿಲೆಯವರಿಗೆ ಉಸಿರೆಳೆಯುವ ವ್ಯಾಯಾಮ’. ಕೆಳಗೆ ‘ಮಾತ್ರೆ, ಇನ್ಸುಲಿನಿಗೆ ಬದಲಿ ಅಲ್ಲ’ ಎಂಬ ಸಾಲು ಬಿಟ್ಟುಹೋಗದಿರಲಿ.