ಕೌದಿ ಕೆಲಸಕ್ಕೆ ಹೊಸ ಕಟಿಂಗ್ ಮ್ಯಾಟ್: ಎ2 ಸಾಕೇ, ಎ1 ಬೇಕೇ?

ಬೆಟಗೇರಿ ಕೌದಿ:

ಎಲ್ಲರಿಗೂ ಶರಣು. ನಾನು ಗದಗ-ಬೆಟಗೇರಿಯಲ್ಲಿ ಮನೆಯಲ್ಲೇ ತೊಟ್ಟಿಲ ಕೌದಿ ಹೊಲಿದು ಕೊಡುತ್ತೇನೆ. ಬಾಣಂತನಕ್ಕೆ ಮಗಳನ್ನು ಕರೆತಂದವರು ಹಳೆಯ ಸೀರೆ, ಧೋತರ ತಂದು ಕೊಡುತ್ತಾರೆ. ಅವು ಒಳಪದರಕ್ಕೆ ಹೋಗುತ್ತವೆ, ಮೇಲೆ ಹೊಸ ಕಾಟನ್ ಚೌಕಗಳು ಬರುತ್ತವೆ. ನಮ್ಮ ಅವ್ವ ಎಲ್ಲವನ್ನೂ ಹರಿದೇ ತುಂಡು ಮಾಡುತ್ತಿದ್ದಳು. ಒಳಪದರಕ್ಕೆ ನಾನು ಈಗಲೂ ಹಾಗೆಯೇ ಮಾಡುತ್ತೇನೆ. ಮೇಲಿನ ಮೂರೂವರೆ ಇಂಚಿನ ಚೌಕಗಳಿಗೆ ಮಾತ್ರ ಅದು ನಡೆಯುವುದಿಲ್ಲ. ಹರಿದ ಅಂಚು ಜಗ್ಗಿಕೊಳ್ಳುತ್ತದೆ, ಮೂಲೆಗೆ ಮೂಲೆ ಕೂಡುವುದಿಲ್ಲ. ಹೀಗಾಗಿ 45 ಮಿ.ಮೀ. ರೋಟರಿ ಕಟರ್ (ಉರುಳುವ ದುಂಡು ಅಲಗಿನದು) ಮತ್ತು ಕತ್ತರಿಸುವಾಗ ಬಟ್ಟೆಯ ಕೆಳಗೆ ಹಾಸುವ ಹಸಿರು ಎ3 ಅಳತೆಯ ಮ್ಯಾಟ್ ಬಳಸುತ್ತಿದ್ದೇನೆ.

ಈಗ ಆ ಮ್ಯಾಟಿನ ನಡುವೆ ಒಂದು ಗಾಡಿ ದಾರಿಯಂಥ ಗೀರು ಬಿದ್ದಿದೆ. ಅದರೊಳಗೆ ಹತ್ತಿಯ ನಾರು ತುಂಬಿಕೊಂಡಿದೆ. ಅಲಗು ಹೊಸದಾಗಿದ್ದರೂ ಆ ಜಾಗದಲ್ಲಿ ಒಂದೆರಡು ಎಳೆ ಕತ್ತರಿಸದೆ ಉಳಿಯುತ್ತವೆ. ಕಿಟಕಿಯ ಕಡೆಯ ಮೂಲೆಯೂ ಮೇಲೆದ್ದಿದೆ.

ನನ್ನ ಟೇಬಲ್ ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ. ಎ2 ಸಾಕೇ, ಎ1 ಬೇಕೇ? ಬಿಳಿ ಬಣ್ಣದ, ಆಚೆ ಕಾಣುವಂಥ ಗಟ್ಟಿ ಮ್ಯಾಟ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ತೆಗೆದುಕೊಳ್ಳಬಹುದೇ? ದುಡ್ಡು ಕೂಡಿಸಿಟ್ಟಿದ್ದೇನೆ, ಆದರೆ ಒಮ್ಮೆ ಕೊಂಡರೆ ಬಹಳ ವರ್ಷ ಬರಬೇಕು.

ಸಪ್ತಾಪುರ ಹೊಲಿಗೆಮನೆ:

ತಂಗಿ, ಮೊದಲು ಬಟ್ಟೆಯ ಪನ್ನಾ, ಅಂದರೆ ಅಗಲ ನೋಡಿ, ಮ್ಯಾಟಿನ ಅಳತೆ ತಾನಾಗಿ ಗೊತ್ತಾಗುತ್ತದೆ. ನಮ್ಮಲ್ಲಿ ಸಿಗುವ ಕಾಟನ್ ಹೆಚ್ಚಾಗಿ 44 ಇಂಚು ಪನ್ನಾದ್ದು. ಅಂಚಿಗೆ ಅಂಚು ಕೂಡಿಸಿ ಮಡಚಿದರೆ 22 ಇಂಚು. ಎ3 ಮ್ಯಾಟಿನ ಉದ್ದನೆಯ ಬದಿಯೇ 42 ಸೆಂ.ಮೀ., ಅಂದರೆ ಹದಿನಾರೂವರೆ ಇಂಚು. ಅದರ ಮೇಲೆ ಪಟ್ಟಿ ಕತ್ತರಿಸಬೇಕಾದರೆ ಬಟ್ಟೆಯನ್ನು ಇನ್ನೊಮ್ಮೆ ಮಡಚಲೇಬೇಕು. ನಾಲ್ಕು ಪದರವಾದಾಗ ಮಡಿಕೆ ಸ್ಕೇಲಿಗೆ ಕಾಟಕೋನದಲ್ಲಿ (90 ಡಿಗ್ರಿಯಲ್ಲಿ) ನಿಲ್ಲದಿದ್ದರೆ, ಪಟ್ಟಿ ಬಿಚ್ಚಿದಾಗ ಪ್ರತಿ ಮಡಿಕೆಯಲ್ಲೂ ಸೊಟ್ಟಗೆ ಮುರಿದಿರುತ್ತದೆ. ಅಂಥ ಪಟ್ಟಿಯಿಂದ ತೆಗೆದ ಚೌಕ ಚೌಕವಾಗಿರುವುದಿಲ್ಲ. ಒಂದೊಂದು ಚೌಕ ಇಂಚಿನ ಹದಿನಾರನೇ ಒಂದು ಭಾಗದಷ್ಟು ತಪ್ಪಿದರೂ ಹನ್ನೆರಡು ಚೌಕಗಳ ಸಾಲಿನಲ್ಲಿ ಮುಕ್ಕಾಲು ಇಂಚು ಹೋಗುತ್ತದೆ. ನಿಮ್ಮ ಮೂಲೆಗಳು ಕೂಡದಿರುವುದಕ್ಕೆ ಹರಿದ ಅಂಚಿನ ಜೊತೆಗೆ ಇದೂ ಕಾರಣ ಇರಬಹುದು.

ಎ2 ಮ್ಯಾಟಿನ ಉದ್ದ 59.4 ಸೆಂ.ಮೀ., ಸುಮಾರು 23.4 ಇಂಚು. 22 ಇಂಚಿನ ಮಡಿಕೆ ಅದರಲ್ಲಿ ಕೂರುತ್ತದೆ. ಆದರೆ ಅಗಲ ಹದಿನಾರೂವರೆ ಇಂಚು ಮಾತ್ರ, ನಾಲ್ಕೈದು ಪಟ್ಟಿ ತೆಗೆಯುವಷ್ಟರಲ್ಲಿ ಬಟ್ಟೆ ಸರಿಸಬೇಕಾಗುತ್ತದೆ. ಸರಿಸಿದಾಗಲೆಲ್ಲ ನೇರ ಹೋಗುತ್ತದೆ, ಮತ್ತೆ ಹೊಂದಿಸಬೇಕು. ನಿಮ್ಮ ಟೇಬಲ್ಲಿಗೆ 24 x 36 ಇಂಚಿನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಸಿಗದಿದ್ದರೆ ಎ1. ಎರಡೂ ನಿಮ್ಮ ಟೇಬಲ್ ಮೇಲೆ ಅಡ್ಡಲಾಗಿ ಕೂರುತ್ತವೆ.

ಬಿಳಿ ಗಟ್ಟಿ ಮ್ಯಾಟ್ ಬೇಡವೇ ಬೇಡ. ಅದರ ಮೇಲ್ಮೈ ಮಾಯುವುದಿಲ್ಲ, ಅಲಗನ್ನೂ ಬೇಗ ಮೊಂಡು ಮಾಡುತ್ತದೆ. ಅಲಗಿನ ಖರ್ಚು ಸೇರಿಸಿ ಲೆಕ್ಕ ಹಾಕಿದರೆ ಅದು ಅಗ್ಗವಲ್ಲ. ಹಸಿರು ಪಿವಿಸಿ ಮ್ಯಾಟಿನಲ್ಲಿ ಗಟ್ಟಿ ಪದರದ ಎರಡೂ ಕಡೆ ಮೆತ್ತನೆಯ ಪದರ ಇರುತ್ತದೆ. ಅಲಗು ಅದನ್ನು ಸೀಳಿಕೊಂಡು ಹೋಗುತ್ತದೆ, ಹಿಂದೆಯೇ ಸೀಳು ಕೂಡಿಕೊಳ್ಳುತ್ತದೆ. ಕಟರ್ ವಾಲಿಸಿ ಹಿಡಿದರೆ ಮಾತ್ರ ಸಣ್ಣ ಸಿಪ್ಪೆ ಎದ್ದು ಬರುತ್ತದೆ. ಆ ಗಾಯ ಮಾಯುವುದಿಲ್ಲ. ಮಕ್ಕಳು ಶಾಲೆಯ ಪ್ರಾಜೆಕ್ಟಿಗೆಂದು ಪೇಪರ್ ಚಾಕುವಿನಿಂದ ರಟ್ಟು ಕೊಯ್ಯಲು ಇದೇ ಮ್ಯಾಟ್ ಎಳೆದುಕೊಂಡರೂ ಅದೇ ಗತಿ, ಬಿಡಬೇಡಿ. ದಪ್ಪ 3 ಮಿ.ಮೀ. ಇರಲಿ. ದೊಡ್ಡ ಮ್ಯಾಟ್ ತೆಳ್ಳಗಿದ್ದರೆ ಬೇಗ ಡೊಂಕಾಗುತ್ತದೆ.

ನಡುವೆ ಒಂದೇ ಕಡೆ ಗೀರು ಬಿದ್ದಿದೆ ಎಂದರೆ ಮ್ಯಾಟಿನ ಒಂದೇ ಗೆರೆಯ ಮೇಲೆ ದಿನವೂ ಕತ್ತರಿಸುತ್ತಿದ್ದೀರಿ. ಅಳತೆಯನ್ನು ಮ್ಯಾಟಿನಲ್ಲಿ ನೋಡದೆ, 6 x 24 ಇಂಚಿನ ಪಾರದರ್ಶಕ ಅಕ್ರಿಲಿಕ್ ಸ್ಕೇಲಿನಲ್ಲೇ ನೋಡಿ. ಆಗ ಬಟ್ಟೆಯನ್ನು ಎಲ್ಲಿ ಬೇಕಾದರೂ ಹಾಕಬಹುದು, ಮ್ಯಾಟನ್ನು ಆಗಾಗ ತಿರುಗಿಸಿಡಬಹುದು, ಸವೆತವೂ ಹಂಚಿಹೋಗುತ್ತದೆ.

ಹಾವೇರಿ ಟೇಲರ್:

ಅಕ್ಕನವರು ಹೇಳಿದ್ದನ್ನು ಒಪ್ಪುತ್ತೇನೆ. ನನ್ನದು ಬ್ಲೌಸ್, ಚೂಡಿದಾರದ ಕೆಲಸ. ಕತ್ತರಿ, ಚಾಕ್‌ಪೀಸು, ಮರದ ಟೇಬಲ್ ಇದ್ದರೆ ನನಗೆ ಸಾಕು. ಆದರೆ ಸರಳ ಗೆರೆಯ ತುಂಡುಗಳನ್ನು ರಾಶಿಗಟ್ಟಲೆ ತೆಗೆಯಬೇಕಾದವರಿಗೆ ಕತ್ತರಿ ತಕ್ಕದ್ದಲ್ಲ. ಕತ್ತರಿಯ ಕೆಳಗಿನ ಅಲಗು ಬಟ್ಟೆಯನ್ನು ಎತ್ತುತ್ತದೆ, ಪದರಗಳು ಸರಿಯುತ್ತವೆ. ರೋಟರಿ ಕಟರಿನಲ್ಲಿ ಬಟ್ಟೆ ಟೇಬಲ್ ಬಿಟ್ಟು ಏಳುವುದೇ ಇಲ್ಲ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಅದನ್ನು ತಂದ ಮೇಲೆ ಕೌದಿಯಂಥ ತೇಪೆ ಕೆಲಸದವರು ಅದಕ್ಕೆ ಒಲಿದದ್ದು ಇದಕ್ಕೇ.

ಎ2 ಮ್ಯಾಟ್ ಎರಡು ಕೊಂಡು ಜೋಡಿಸಿಡಬಹುದಲ್ಲ? ಒಂದು ಹಾಳಾದರೆ ಅದೊಂದನ್ನೇ ಬದಲಿಸಿದರಾಯಿತು.

ಸಪ್ತಾಪುರ ಹೊಲಿಗೆಮನೆ:

ಅಣ್ಣಾ, ಜೋಡಿಸಿದ ಕಡೆ ಅಲಗು ಸಂದಿಗೆ ಇಳಿಯುತ್ತದೆ. ಅಲ್ಲಿ ಬಟ್ಟೆ ಕತ್ತರಿಸುವುದಿಲ್ಲ, ಕೆಳಗೆ ಟೇಬಲ್ ಗೀರುತ್ತದೆ, ಅಲಗಿನ ತುದಿಯೂ ಹೋಗುತ್ತದೆ. ಸಂದಿಯ ಮೇಲೆ ಕತ್ತರಿಸುವುದಿಲ್ಲವೆಂದರೆ ಜೋಡಿಸಿ ಪ್ರಯೋಜನವೇನು? ಇವರು ಪೂರ್ತಿ ಪನ್ನಾದ ಪಟ್ಟಿ ತೆಗೆಯುವವರು, ಒಂದೇ ಹಾಳೆ ಇರಲಿ.

ಬೆಟಗೇರಿ ಕೌದಿ:

ಅಕ್ಕಾ, ಅಣ್ಣಾ, ಇಬ್ಬರಿಗೂ ಉಪಕಾರ. ಪನ್ನಾ ಲೆಕ್ಕ ಮನಸ್ಸಿಗೆ ಕೂತಿತು, 24 x 36 ಹುಡುಕುತ್ತೇನೆ. ಇನ್ನೆರಡು ಕೇಳುವುದಿದೆ. ನಾನು ಕತ್ತರಿಸುವ ಕೋಣೆಗೆ ತಗಡಿನ ಮೇಲ್ಛಾವಣಿ, ಏಪ್ರಿಲ್‌ನಲ್ಲಿ ಮಧ್ಯಾಹ್ನ ಕೂರಲಾಗುವುದಿಲ್ಲ. ಮ್ಯಾಟ್ ಅಲ್ಲೇ ಇಡಬಹುದೇ? ಹಿಂಬದಿಗೆ ಬೆಂಗೇರಿಯ ಖಾದಿ ತರುತ್ತೇನೆ, ಅದು ಮ್ಯಾಟಿನ ಗೆರೆಗೆ ಹೊಂದುವುದೇ ಇಲ್ಲ.

ಸಪ್ತಾಪುರ ಹೊಲಿಗೆಮನೆ:

ತಗಡಿನ ಕೆಳಗೆ ಬೇಡ. ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ, ಹೇಗೆ ಬಿದ್ದಿದೆಯೋ ಹಾಗೆಯೇ ಬಾಗಿ ಗಟ್ಟಿಯಾಗುತ್ತದೆ. ನಿಮ್ಮ ಎ3ಯ ಮೂಲೆ ಎದ್ದದ್ದು ಕಿಟಕಿಯ ಬಿಸಿಲಿಗೇ. ಕೆಲಸ ಮುಗಿದ ಮೇಲೆ ಒಳಮನೆಯಲ್ಲಿ ಮಂಚದ ಹಾಸಿಗೆಯ ಕೆಳಗೆ ಸಪಾಟಾಗಿ ಮಲಗಿಸಿಡಿ. ಗೋಡೆಗೆ ಒರಗಿಸಿದರೆ ಹೊಟ್ಟೆ ಬಿಡುತ್ತದೆ. ಅದರ ಮೇಲೆ ಇಸ್ತ್ರಿ ಮಾಡಬೇಡಿ, ಬಿಸಿ ಚಹಾ ಕಪ್ಪನ್ನೂ ಇಡಬೇಡಿ. ನಾರು ತುಂಬಿದರೆ ತಣ್ಣೀರು, ಪಾತ್ರೆ ಸೋಪು, ಮೆತ್ತನೆಯ ಬ್ರಷ್ ಸಾಕು. ಬಿಸಿನೀರು ಮಾತ್ರ ಬೇಡ.

ಖಾದಿ ಕೈಯಲ್ಲಿ ನೂತ ನೂಲು, ಕೈಮಗ್ಗದ ನೇಯ್ಗೆ. ಒಗೆದ ಮೇಲೆ ಹೊಕ್ಕು, ಅಂದರೆ ಅಡ್ಡ ಎಳೆ, ಸ್ವಲ್ಪ ಓರೆಯಾಗುತ್ತದೆ. ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆ ಅಂಚಿನ ಹತ್ತಿರ ಹೊಕ್ಕಿನ ಒಂದು ಎಳೆಯನ್ನು ಸೂಜಿಯಿಂದ ಎತ್ತಿ ಮೆಲ್ಲಗೆ ಎಳೆಯಿರಿ. ಎಳೆ ಹೋದ ಕಡೆ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ ಕಾಣುತ್ತದೆ. ಸ್ಕೇಲನ್ನು ಆ ಗೆರೆಗೆ ಹಿಡಿದು ಕತ್ತರಿಸಿ, ಮ್ಯಾಟಿನ ಗೆರೆಯನ್ನು ನೋಡಲೇಬೇಡಿ.

ಅಂಗಡಿಗೆ ಹೋಗುವಾಗ ಉಕ್ಕಿನ ಸ್ಕೇಲ್ ಕೈಯಲ್ಲಿರಲಿ. ಅಚ್ಚಾದ ಇಂಚಿನ ಗೆರೆ ಉದ್ದದಲ್ಲೂ ಅಗಲದಲ್ಲೂ ಸರಿ ಇದೆಯೇ ಎಂದು ಅಳೆದು ನೋಡಿ. ಇಂಜಿನಿಯರಿಂಗ್ ಹುಡುಗರಿಗೆ ಡ್ರಾಯಿಂಗ್ ಸಾಮಾನು ಮಾರುವ ಹುಬ್ಬಳ್ಳಿಯ ಅಂಗಡಿಗಳಲ್ಲಿ ಮೊದಲು ಕೇಳಿ. ಕೊರಿಯರಿನಲ್ಲಿ ತರಿಸಿದರೆ ಸುರುಳಿ ಸುತ್ತಿ ಕಳಿಸಬಾರದು ಎಂದು ಮೊದಲೇ ಹೇಳಿಬಿಡಿ.

ಹಳೆಯ ಎ3 ಎಸೆಯಬೇಡಿ. ಎದ್ದ ಮೂಲೆ, ಗೀರು ಬಿದ್ದ ನಡುಭಾಗ ಬಿಟ್ಟು ಚೆನ್ನಾಗಿರುವ ಒಂದು ತುಂಡನ್ನು ಕೊಯ್ದು ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಳ್ಳಿ. ಹೊಲಿದ ಚೌಕಗಳ ಅಂಚು ಸರಿಮಾಡಲು ಎದ್ದು ಹೋಗಬೇಕಾಗುವುದಿಲ್ಲ.