ಮಾಹಿತಿ ಸೋರಿಕೆಯಾದಾಗ ಕಂಪನಿ ಮೊದಲು ಕರೆಯಬೇಕಾದ್ದು ವಕೀಲರನ್ನೋ, ಪತ್ರಕರ್ತರನ್ನೋ?

(ಮಾತಾಡುವವರಿಗೆ ಅವರವರ ಕೆಲಸದ ಹೆಸರು: ‘ಕಡತಪಾಲಕ’ ದಾಖಲೆ ಕಾಯುವವರು, ‘ಪ್ರಕಟಣೆ’ ಜನರಿಗೆ ಹೇಳಿಕೆ ಕೊಡುವವರು, ‘ನಿಯಮಾವಳಿ’ ಕಾನೂನು ನಿಯಮ ನೋಡುವವರು, ‘ವಾದಪತ್ರ’ ದಾವೆ ನೋಡುವವರು.)

ಕಡತಪಾಲಕ: ಗ್ರಾಹಕರ ಮಾಹಿತಿ ಸೋರಿದ್ದು ಗೊತ್ತಾದ ರಾತ್ರಿ ‘ಏನು ಹೇಳೋಣ’ ಅಂತ ಕೂರುವುದಕ್ಕಿಂತ ಮೊದಲು ಅಳಿಸುವ ಕೆಲಸ ನಿಲ್ಲಿಸಿ. ಇಷ್ಟು ದಿನಕ್ಕೆ ತಾನಾಗಿ ಅಳಿಯುವ ಇಮೇಲ್, ಹಳೆಯದರ ಮೇಲೇ ಬರೆದುಕೊಳ್ಳುವ ಬ್ಯಾಕಪ್, ಚಾಟ್‌ನಲ್ಲಿ ಮಾಯವಾಗುವ ಸಂದೇಶ, ಎಲ್ಲ ಆಫ್ ಆಗಲಿ. ಯಾರು ಏನನ್ನು ಮುಟ್ಟಬಾರದು ಅಂತ ಹೆಸರು ಹಿಡಿದು ಲಿಖಿತ ಸೂಚನೆ ಹೋಗಲಿ. ದಿವಾಳಿಯಾದ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಕಡತಗಳನ್ನು ಚೂರು ಮಾಡಿದ್ದಕ್ಕೆ ಅದರ ಲೆಕ್ಕಪರಿಶೋಧಕ ಸಂಸ್ಥೆ ಆರ್ಥರ್ ಆಂಡರ್ಸನ್ 2002ರಲ್ಲಿ ದೋಷಿಯಾಯಿತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡುವ ಹೊತ್ತಿಗೆ ಉಳಿಸಿಕೊಳ್ಳಲು ಸಂಸ್ಥೆ ಹೆಚ್ಚುಕಡಿಮೆ ಇರಲೇ ಇಲ್ಲ.

ಪ್ರಕಟಣೆ: ಒಪ್ಪಿದೆ. ಆದರೆ ವಕೀಲರು ಎರಡು ದಿನ ಬಾಯಿ ಕಟ್ಟಿಸುತ್ತಾರಲ್ಲ, ಅಷ್ಟರಲ್ಲಿ ಜನ ತಮಗೆ ತೋಚಿದ್ದನ್ನೇ ನಿಜ ಅಂದುಕೊಂಡಿರುತ್ತಾರೆ.

ನಿಯಮಾವಳಿ: ಪ್ರಾಧಿಕಾರಗಳ ಮುಂದೆ ಬಹಳ ದಿನ ಸುಮ್ಮನಿರಲು ಕಾನೂನೇ ಬಿಡುವುದಿಲ್ಲ. ಯುರೋಪಿನ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ ಪ್ರಕಾರ, ಜನರ ಹಕ್ಕಿಗೆ ಅಪಾಯವಿರುವ ಸೋರಿಕೆಯನ್ನು ತಿಳಿದ 72 ಗಂಟೆಯೊಳಗೆ ಪ್ರಾಧಿಕಾರಕ್ಕೆ ಹೇಳಬೇಕು. ವಿವರ ಪೂರ್ತಿ ಇಲ್ಲದಿದ್ದರೆ ಕಂತಿನಲ್ಲಿ ಕೊಡಬಹುದು. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಲ್ಲಿ ಬರೀ 6 ಗಂಟೆ. ಅಮೆರಿಕದ ಷೇರುಪೇಟೆಯಲ್ಲಿರುವ ಕಂಪನಿಗೆ 4 ಕೆಲಸದ ದಿನ, ಆದರೆ ಅದು ಘಟನೆಯಿಂದಲ್ಲ, ‘ಇದು ಹೂಡಿಕೆದಾರರಿಗೆ ಮಹತ್ವದ್ದು’ ಅಂತ ಕಂಪನಿ ನಿರ್ಧರಿಸಿದಾಗಿನಿಂದ. ಆ ನಿರ್ಧಾರವನ್ನೂ ವಿನಾಕಾರಣ ಎಳೆಯುವಂತಿಲ್ಲ. ಒಂದೊಂದು ಗಡಿಯಾರ ಒಂದೊಂದು ಕ್ಷಣಕ್ಕೆ ಶುರು. ಎಡವುವುದೇ ಇಲ್ಲಿ: ಯಾರಿಗೆ ಎಷ್ಟು ಗಂಟೆಗೆ ಗೊತ್ತಾಯಿತು ಅಂತ ಯಾರೂ ಬರೆದಿಟ್ಟಿರುವುದಿಲ್ಲ.

ಪ್ರಕಟಣೆ: ಹಾಗಾದರೆ ಕ್ಷಮೆ ಕೇಳಬಹುದಾ? ‘ಕೇಳಿದರೆ ತಪ್ಪೊಪ್ಪಿದಂತೆ’ ಅನ್ನುವ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ.

ವಾದಪತ್ರ: ಎಲ್ಲ ಕಡೆ ಹಾಗಿಲ್ಲ. ಇಂಗ್ಲೆಂಡಿನ 2006ರ ಪರಿಹಾರ ಕಾಯ್ದೆ, ಕ್ಷಮೆಯೊಂದೇ ನಿರ್ಲಕ್ಷ್ಯದ ಒಪ್ಪಿಗೆಯಾಗದು ಅನ್ನುತ್ತದೆ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಇಂದು ಸಂಜೆ 6ರವರೆಗೆ ಖಚಿತವಾಗಿರುವುದು ಇಷ್ಟು, ಮುಂದಿನ ಮಾಹಿತಿ ನಾಳೆ ಬೆಳಿಗ್ಗೆ 10ಕ್ಕೆ’ ಅಂತ ಬರೆಯಿರಿ. ‘ನಮ್ಮ ಸಿಬ್ಬಂದಿಯ ಅಜಾಗ್ರತೆಯಿಂದ ಆಯಿತು’ ಅನ್ನುವುದು ಬೇರೆಯೇ ಮಾತು. ವಿಮೆ ಪಾಲಿಸಿಗಳಲ್ಲಿ ಸಾಮಾನ್ಯವಾಗಿ, ತಮ್ಮನ್ನು ಕೇಳದೆ ಹೊಣೆ ಒಪ್ಪಿಕೊಳ್ಳಬಾರದು ಅನ್ನುವ ಷರತ್ತಿರುತ್ತದೆ, ಅದನ್ನು ಓದಿ. ಇದಕ್ಕಿಂತ ಅಪಾಯದ ವಾಕ್ಯ ‘ಯಾರ ಪಾಸ್‌ವರ್ಡೂ ಹೋಗಿಲ್ಲ’. ತನಿಖೆ ಮುಗಿಯದೆ ಅದನ್ನು ಬರೆದರೆ ಮುಂದೆ ಸುಳ್ಳು ಹೇಳಿಕೆಯ ದಾವೆಗೆ ನೀವೇ ಸಾಕ್ಷ್ಯ ಬರೆದುಕೊಟ್ಟಂತೆ.

ಹೊಸಬ: ಎಲ್ಲ ಇಮೇಲ್‌ಗೂ ವಕೀಲರನ್ನು ಸಿಸಿ ಮಾಡಿದರೆ, ಕೋರ್ಟಿನಲ್ಲಿ ಎದುರಾಳಿಗೆ ತೋರಿಸಬೇಕಿಲ್ಲದ ಗೋಪ್ಯ ಪತ್ರ ಆಗುವುದಿಲ್ಲವೇ?

ವಾದಪತ್ರ: ಇಲ್ಲ. ಅಮೆರಿಕದ 1981ರ ಅಪ್‌ಜಾನ್ ತೀರ್ಪೇ ಹೇಳುತ್ತದೆ: ವಕೀಲರ ಜೊತೆ ಆಡಿದ ಮಾತಿಗೆ ರಕ್ಷಣೆ, ನಡೆದ ಸಂಗತಿಗಲ್ಲ. ಯುರೋಪಿನ ಸ್ಪರ್ಧಾ ತನಿಖೆಗಳಲ್ಲಿ (ಕಂಪನಿಗಳು ಮಾರುಕಟ್ಟೆಯ ಪೈಪೋಟಿ ಹಾಳುಮಾಡಿದವೇ ಅಂತ ನೋಡುವ ತನಿಖೆ) ಕಂಪನಿಯ ಸಂಬಳದ ವಕೀಲರ ಜೊತೆಗಿನ ಪತ್ರಕ್ಕೂ ರಕ್ಷಣೆ ಇಲ್ಲ, 2010ರ ಅಕ್ಜೊ ನೊಬೆಲ್ ತೀರ್ಪು. ಅಮೆರಿಕದ ಬ್ಯಾಂಕ್ ಕ್ಯಾಪಿಟಲ್ ಒನ್ 2020ರಲ್ಲಿ ತನ್ನ ಸೋರಿಕೆಯ ತನಿಖಾ ವರದಿಯನ್ನೇ ಎದುರಾಳಿಗೆ ಕೊಡಬೇಕಾಯಿತು. ಯಾಕೆ? ತನಿಖಾ ಸಂಸ್ಥೆಯ ಜೊತೆ ಮೊದಲೇ ಅದೇ ಕೆಲಸದ ಒಪ್ಪಂದವಿತ್ತು, ಮೊದಲ ಹಣ ವ್ಯಾಪಾರದ ಖಾತೆಯಿಂದ ಹೋಗಿತ್ತು, ವರದಿ ಸುಮಾರು 50 ನೌಕರರ ಕೈಗೆ ಹಂಚಿಹೋಗಿತ್ತು. ಅದಕ್ಕೇ ಎರಡು ದಾರಿ ಮಾಡಿ: ರಿಪೇರಿಗೊಂದು ತಾಂತ್ರಿಕ ವರದಿ, ದಾವೆಗಾಗಿ ವಕೀಲರೇ ಹೊಸ ಒಪ್ಪಂದ ಬರೆದು, ಕಾನೂನು ಬಜೆಟ್‌ನಿಂದ ಹಣ ಕೊಟ್ಟು ತರಿಸುವ ಇನ್ನೊಂದು.

ಕಡತಪಾಲಕ: ನೌಕರರ ವಿಚಾರಣೆಗೆ ಮುಂಚೆ ‘ನಾನು ಕಂಪನಿಯ ವಕೀಲ, ನಿಮ್ಮ ವಕೀಲನಲ್ಲ’ ಅಂತ ಹೇಳಲೇಬೇಕು. ಅದನ್ನು ಬಿಟ್ಟರೆ ನಂಬಿ ಮಾತಾಡಿದ ನೌಕರನಿಗೆ ಅನ್ಯಾಯ. ವಿಷಯ ಗೊತ್ತಿರುವವರ ಷೇರು ವಹಿವಾಟು ಆ ಗಂಟೆಯಿಂದಲೇ ಬಂದ್. ಅಮೆರಿಕದ ಸಾಲ-ಮಾಹಿತಿ ಕಂಪನಿ ಎಕ್ವಿಫ್ಯಾಕ್ಸ್‌ನ ಅಧಿಕಾರಿಯೊಬ್ಬರಿಗೆ, ಸೋರಿಕೆ ಬಹಿರಂಗವಾಗುವ ಮುಂಚೆ ಷೇರು ಮಾರಿದ್ದಕ್ಕೇ 2019ರಲ್ಲಿ 4 ತಿಂಗಳ ಜೈಲಾಯಿತು.

ಪ್ರಕಟಣೆ: ಹಣ ಕೊಟ್ಟು ಮುಚ್ಚಿಹಾಕುವ ಸಲಹೆ ಬಂದರೆ?

ನಿಯಮಾವಳಿ: ಉಬರ್ ಪ್ರಕರಣ ತೋರಿಸಿ. 2016ರಲ್ಲಿ ಹ್ಯಾಕರ್‌ಗಳಿಗೆ 1 ಲಕ್ಷ ಡಾಲರ್ ಕೊಟ್ಟು, ದೋಷ ಹುಡುಕಿದ್ದಕ್ಕೆ ಬಹುಮಾನ ಅಂತ ತೋರಿಸಿದರು. ಅದಾಗಲೇ ಸರ್ಕಾರಿ ಆಯೋಗವೊಂದು ಹಿಂದಿನ ಸೋರಿಕೆಯ ತನಿಖೆ ನಡೆಸುತ್ತಿತ್ತು. 2018ರಲ್ಲಿ ಕಂಪನಿ 14.8 ಕೋಟಿ ಡಾಲರ್ ತೆತ್ತಿತು, 2022ರಲ್ಲಿ ಭದ್ರತಾ ಮುಖ್ಯಸ್ಥ ಸ್ವತಃ ದೋಷಿ.

ಹೊಸಬ: ಗಂಟೆಗಳನ್ನು ಬರೆದಿಡುವ ಕೆಲಸ ಯಾರದ್ದು?

ಕಡತಪಾಲಕ: ಒಬ್ಬರದ್ದೇ. ರಿಪೇರಿಯಲ್ಲಿ ಮುಳುಗಿರುವವರಿಗೆ ಕೊಡಬೇಡಿ. ಹೊತ್ತು, ಯಾರು ಹೇಳಿದರು, ಏನು ತೀರ್ಮಾನ, ಇಷ್ಟೇ ಬರೆಯಲಿ. ‘ಇದು ಐಟಿಯವರ ತಪ್ಪಿರಬೇಕು’ ಅಂತ ಊಹೆ ಬೇಡ. ಆ ಪುಸ್ತಕ ಒಂದು ದಿನ ನ್ಯಾಯಾಧೀಶರ ಮೇಜಿಗೆ ಹೋಗಬಹುದು.