14 ವರ್ಷದ ಮಗನಿಗೆ ಮೆಟಬಾಲಿಕ್ ಸಿಂಡ್ರೋಮ್ ಅಂತೆ, ಇದು ಅಪರೂಪವೇ?

ಪ್ರಶ್ನೆ: ಮಗನಿಗೆ ತೂಕ ಜಾಸ್ತಿ. ರಕ್ತ ಪರೀಕ್ಷೆ ನೋಡಿ ಡಾಕ್ಟರ್ ಈ ಹೆಸರು ಹೇಳಿದರು. ಸೊಂಟದ ಬೊಜ್ಜಿನ ಜೊತೆಗೆ ರಕ್ತದ ಕೊಬ್ಬು, ಸಕ್ಕರೆ, ಬಿಪಿಯಂಥವು ಒಟ್ಟೊಟ್ಟಿಗೆ ಹದ ತಪ್ಪುವುದಂತೆ. ಇಷ್ಟು ಚಿಕ್ಕವರಿಗೂ ಬರುತ್ತದೆಯೇ? ನಿಮ್ಮ ಮಕ್ಕಳಿಗೆ ಹೀಗಾಗಿದ್ದರೆ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಒಬ್ಬ ತಾಯಿ: ಬರುತ್ತದೆ ಅಕ್ಕ. ನನ್ನ ಮಗಳಿಗೆ ಆಗ 13. ಮೊದಲು ಕಂಡದ್ದು ಅವಳ ಕತ್ತಿನ ಹಿಂದಿನ ಕಪ್ಪು. ಕೊಳೆ ಅಂದುಕೊಂಡು ತಿಕ್ಕಿ ತಿಕ್ಕಿ ತೊಳೆದೆ, ಬೈದೆ ಕೂಡ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಚರ್ಮ ಹಾಗಾಗುತ್ತದೆ ಅಂತ ಡಾಕ್ಟರ್ ಹೇಳಿದ ದಿನ ನನಗೆ ಅಳು ಬಂತು. ನಿಮ್ಮ ಮಗನ ಕತ್ತು, ಕಂಕುಳು ಒಮ್ಮೆ ನೋಡಿ.

ಎಷ್ಟು ಮಕ್ಕಳಿಗೆ ಇರುತ್ತದೆ ಅಂತ ನಾನೂ ಆಗ ತುಂಬಾ ಹುಡುಕಿದ್ದೆ. ಅಮೆರಿಕದಲ್ಲಿ 1988ರಿಂದ 1994ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ, 12ರಿಂದ 19 ವಯಸ್ಸಿನವರಲ್ಲಿ ನೂರಕ್ಕೆ ನಾಲ್ವರಿಗೆ ಇತ್ತು. ಬೊಜ್ಜು ಇದ್ದ ಮಕ್ಕಳನ್ನಷ್ಟೇ ತೆಗೆದುಕೊಂಡರೆ ನೂರಕ್ಕೆ ಸುಮಾರು 29! ತೂಕ ಮಿತಿಯಲ್ಲಿದ್ದವರಲ್ಲಿ ಸಾವಿರಕ್ಕೆ ಒಬ್ಬರು. ಅಂದರೆ ಎಲ್ಲ ಮಕ್ಕಳ ಲೆಕ್ಕದಲ್ಲಿ ಕಡಿಮೆ, ನಮ್ಮ ಮಕ್ಕಳಂಥವರಲ್ಲಿ ಕಡಿಮೆಯೇನಲ್ಲ.

ಒಬ್ಬ ತಂದೆ: ಆ ಲೆಕ್ಕ ಅಳತೆಗೋಲಿನ ಮೇಲೂ ನಿಂತಿದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2007ರಲ್ಲಿ ಹೇಳಿದಂತೆ, 10ರಿಂದ 16ರ ಒಳಗಿನವರಿಗೆ ಸೊಂಟದ ಸುತ್ತಳತೆ ಅದೇ ವಯಸ್ಸಿನ ನೂರರಲ್ಲಿ 90 ಮಕ್ಕಳಿಗಿಂತ ಜಾಸ್ತಿ ಇರಬೇಕು. ಅದರ ಜೊತೆ ಇವುಗಳಲ್ಲಿ ಎರಡಾದರೂ ಇರಬೇಕು: ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 150 ಅಥವಾ ಮೇಲೆ, ಒಳ್ಳೆಯ ಕೊಲೆಸ್ಟ್ರಾಲ್ 40ಕ್ಕಿಂತ ಕಡಿಮೆ, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಮೇಲೆ, ಬಿಪಿಯಲ್ಲಿ ಮೇಲಿನದು 130 ಇಲ್ಲವೇ ಕೆಳಗಿನದು 85 ಮುಟ್ಟಿರುವುದು. ಬೇರೆ ಅಳತೆ ಹಿಡಿದರೆ ಅದೇ ಮಗು ಪಟ್ಟಿಯಿಂದ ಹೊರಗೆ ಬೀಳಬಹುದು.

ನನ್ನ ಮಗನಿಗೆ ಹಾಗೇ ಆಯಿತು. ಒಂದು ವರ್ಷದ ನಂತರ ಸಕ್ಕರೆ 101ರಿಂದ 98ಕ್ಕೆ ಇಳಿಯಿತು, ಹೆಸರು ಹೋಯಿತು. ನಾವು ಖುಷಿಪಟ್ಟು ಸುಮ್ನೆ ಕೂತೆವು. ಅದು ತಪ್ಪು. ಸೊಂಟ ಹಾಗೇ ಇತ್ತು, ಟ್ರೈಗ್ಲಿಸರೈಡ್ ಏರುತ್ತಲೇ ಇತ್ತು. ಮೈನೆರೆಯುವ ಹೊತ್ತಿನಲ್ಲಿ ಎಲ್ಲ ಮಕ್ಕಳಲ್ಲೂ ಇನ್ಸುಲಿನ್ ಸ್ವಲ್ಪ ಮಂಕಾಗುತ್ತದೆ, ಆಮೇಲೆ ಸುಧಾರಿಸುತ್ತದೆ. ಹಾಗಾಗಿ ಹೆಸರಿಗಿಂತ ಒಂದೊಂದು ಅಂಕಿಯನ್ನೂ ಬರೆದಿಟ್ಟುಕೊಳ್ಳಿ.

ಅದೇ ತಾಯಿ: ನಮ್ಮಲ್ಲಿ ಕೈಹಿಡಿದದ್ದು ಮೂರು. ಸಿಹಿ ಪಾನೀಯ ಮನೆಗೆ ತರುವುದನ್ನು ಎಲ್ಲರೂ ಬಿಟ್ಟೆವು. ದಿನಕ್ಕೆ ಒಂದು ಗಂಟೆ ಆಟ. ರಾತ್ರಿ ಫೋನ್ ಹೊರಗಿಟ್ಟು ಎಂಟು ಗಂಟೆ ನಿದ್ದೆ. ಅವಳೊಬ್ಬಳಿಗೇ ಪಥ್ಯ ಅಂದಿದ್ದರೆ ಕದ್ದು ತಿನ್ನುತ್ತಿದ್ದಳು, ಅಲ್ವಾ? ನಿಮ್ಮ ಮಗನ ವರದಿಯಲ್ಲಿ ಯಾವ ಅಂಕಿಗಳು ಮಿತಿ ದಾಟಿವೆ, ಬರೆಯಿರಿ ಅಕ್ಕ.